ಮೆತ್ತನ್ನ ನೀರು

ಶಹಾಬಾದದ ನೀರು ಬಕೀಟಿನ ಅಂಚಿಗೆ
ಬೆಳ್ಳಗೆ ಸಹಿ ಹಾಕಿ ಹೋಗುತ್ತದೆ.
ಚಹಾದ ಬೋಗುಣಿಯಲ್ಲಿ, ನಲ್ಲಿಯ ಬಾಯಲ್ಲಿ,
ನಮ್ಮಪ್ಪನ ಕಿಡ್ನಿಯಲ್ಲಿ ಒಮ್ಮೆ,
ಜೋಳದ ಕಾಳಿನಷ್ಟು.
ಇಂಥ ಊರಿಗೆ ಅವು ಬಂದವು,
ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಇಳಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ,
ಎರಡು ಚೀಲ, ಚೀಲಕ್ಕೊಂದು ಮೀನು.
ಒಂದೇ ಚೀಲಕ್ಕೆ ಹಾಕಿದ್ದರೆ ಒಂದೇ ಬರುತ್ತಿತ್ತಂತೆ.

ಮಶಾಕ್ ಚೀಲ ಎತ್ತಿ ಬಲ್ಬಿಗೆ ಹಿಡಿದ.
"ಪೈಕ್ ಸಿಕ್ಲಿಡ್. ಗಿಡ್ಡ ಜಾತಿ. ಇದಕ್ಕಿಂತ ಉದ್ದ ಆಗಂಗಿಲ್ಲ,
ಆದ್ರ ಸಿಟ್ಟು ಮೊಳ ಉದ್ದ ಅದಾ."
ಬೆರಳಿನಷ್ಟು ಮೈ, ಮುಂದೆ ಬಂದ ಕೆಳದವಡೆ,
ಬಾಕಿ ಕೇಳಲು ಬಂದು ಬಾಗಿಲಲ್ಲಿ ನಿಂತವರ ಹಾಗೆ
ಕಣ್ಣಷ್ಟೇ ಹೊರಳಿಸಿ ನೋಡುವ ರೀತಿ.

ಇಪ್ಪತ್ತೆರಡು ವರ್ಷ ಪರಸಿ ಕೊಯ್ದವನು ನಾನು.
ಮೀನಿಗೊಂದು ಮನೆ ಅಂದರೆ ಇನ್ನೇನು ಕೊಟ್ಟೇನು?
ನೀಲಿ ಕಲ್ಲಿನ ನಾಲ್ಕು ತುಂಡು, ಉಜ್ಜಿ, ಪಾಲಿಶ್ ಹಿಡಿಸಿ,
ಎರಡು ಗೋಡೆ, ಒಂದು ಚಾವಣಿ, ಒಂದು ಹೊಸ್ತಿಲು.
ಹೊಸ್ತಿಲು ಯಾಕೆ ಅಂತ ಜಗದೇವಿ ನಕ್ಕಳು.
ಹೆಣ್ಣು ಒಳಗೆ ಹೋಯಿತು. ಚಾವಣಿಗೆ ಮೊಟ್ಟೆ ಅಂಟಿಸಿತು.
ಮೂರನೆಯ ದಿನ ಅವೆಲ್ಲ ಸುಣ್ಣದ ಚುಕ್ಕಿ.
ಮತ್ತೆ ಇಟ್ಟಿತು. ಮತ್ತೆ ಸುಣ್ಣ.

ಮಶಾಕ್ ಬಂದು ಕಲ್ಲನ್ನು ಹೊರಗೆ ತೆಗೆದ,
ಕೊಯ್ದ ಅಂಚಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದ.
ಕಲ್ಲು ಬುಸುಗುಟ್ಟಿತು.
ಇಷ್ಟು ವರ್ಷ ಗರಗಸದ ಕೆಳಗೆ ಅದು ಕಿರುಚಿದ್ದು ಕೇಳಿದ್ದೆ,
ಹೀಗೆ ಮೆಲ್ಲಗೆ, ತಾನಾಗಿ ಉಸಿರು ಬಿಟ್ಟಿದ್ದು
ಕೇಳಿರಲಿಲ್ಲ.
"ನೋಡು, ನಿನ್ನ ಕಲ್ಲು ನೀರಾಗ ಕರಗ್ಲಿಕತ್ತದ.
ಇವು ಹುಟ್ಟಿದ ಹೊಳ್ಯಾಗ ನೀರು ಮೆತ್ತನ್ನದು,
ಎಲಿ ಕೊಳೆತು ಕೊಳೆತು ಚಾದ ಬಣ್ಣ."
ನಾನು ಕೆಮ್ಮಿದೆ. ಕರವಸ್ತ್ರ ಬಿಚ್ಚಿ ನೋಡಲಿಲ್ಲ.

ಆಮೇಲೆ ಐದು ರೂಪಾಯಿ ನಾಣ್ಯದ ದಿನಗಳು.
ಶುದ್ಧ ನೀರಿನ ಘಟಕದ ಮುಂದೆ ಸಾಲು, ಕೈಯಲ್ಲಿ ಕ್ಯಾನು,
"ಬೀಗರು ಬಂದಾರೇನ್ರಿ?" ಅಂತ ಹಿಂದಿನವರು.
ಮನೆಯಲ್ಲಿ ಬೇರೆ ಮಾತು:
"ಮಂದಿ ಬೋರಿನ ನೀರು ಕುಡಿಯೋದು, ಮೀನಕ ಫಿಲ್ಟರ್ ನೀರು!
ಮುಂದಿನ ಜನ್ಮಕ್ಕ ನಾನೂ ಮೀನೇ ಆಗ್ತೀನಿ."
ಸಾಲಿಯ ಅಂಗಳದಿಂದ ಒಣಗಿದ ಬಾದಾಮಿ ಎಲೆ,
ಕುಂಬಾರ ಓಣಿಯಿಂದ ಬಾಯಿ ಮುಕ್ಕಾದ ಕುಡಿಕೆ,
ನೀರು ನಿಂತ ಹಳೇ ಖಣಿಯಿಂದ
ಸೊಳ್ಳೆ ಪರದೆಯಲ್ಲಿ ಹಿಡಿದ ಗಪ್ಪಿ ಮರಿ.
ನಾಲ್ಕು ದಿನಕ್ಕೆ ನೀರಿಗೆ ಸಂಜೆಯಾಯಿತು.

ಆಗ ಅದು ಬಾಗಿತು.
ಹೆಣ್ಣೇ ಮುಂದಾಗಿ, ಗಂಡಿನ ಮೂತಿಯ ಎದುರು
ಕುಡುಗೋಲಿನಂತೆ ಮೈ ಬಳುಕಿಸಿ ಹೊಟ್ಟೆ ತೋರಿಸಿತು,
ಪುಂಡಿಪಲ್ಯದ ದೇಟಿನ ಕೆಂಪು.
ಜಗದೇವಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನೋಡಿದಳು.
"ಇಕಿಗಿ ನಾಚಿಕಿ ಇಲ್ಲ ಬಿಡ್ರಿ," ಅಂದವಳು
ಹೆಂಚಿನ ಮೇಲಿನದು ಕರಕಾಗುವ ತನಕ ಅಲ್ಲೇ ನಿಂತಿದ್ದಳು.

ಮೊಟ್ಟೆ ಇಟ್ಟದ್ದೇ ತಡ, ಗಂಡನ್ನು ಮೂಲೆಗೆ ಅಟ್ಟಿತು.

ನಲ್ಲಿ ಬರುವುದು ನಾಲ್ಕು ದಿನಕ್ಕೊಮ್ಮೆ, ನಡುರಾತ್ರಿ.
ಕೊಡ ಹಿಡಿದು ಎದ್ದವಳು ಕತ್ತಲಲ್ಲಿ ಕೂಗಿದಳು.
ಮುಚ್ಚಳದ ಸಂದಿಯಿಂದ ಹಾರಿ, ನಾನೇ ಹಾಸಿದ ಪರಸಿಯ ಮೇಲೆ
ಗಂಡು, ಧೂಳು ಮೆತ್ತಿದ ಬೆರಳು.
ನಾನು ಚಪ್ಪಲಿ ಹುಡುಕುತ್ತಿದ್ದೆ.
ಅವಳು ಕೈ ತೋಯಿಸಿ, ಬೊಗಸೆಯಲ್ಲಿ ಎತ್ತಿ
ಕ್ಯಾನಿನ ನೀರಿಗೆ ಬಿಟ್ಟು, ನೆಲಕ್ಕೆ ಕೂತು
"ಉಸಿರಾಡು, ಉಸಿರಾಡೋ" ಅಂದಳು.
ಯಾರಿಗೆ ಅಂದಳೋ. ನಾನೂ ಒಮ್ಮೆ ಉದ್ದಕ್ಕೆ ಎಳೆದುಕೊಂಡೆ.
ಹೊರಗೆ ನಲ್ಲಿ ಬಂದು ಹೋಯಿತು. ಒಂದು ಕೊಡವೂ ತುಂಬಲಿಲ್ಲ.

ಈಗ ಕುಡಿಕೆಯ ಬಾಯಲ್ಲಿ ಬರೀ ಕಣ್ಣುಗಳು,
ನಲವತ್ತೋ ಐವತ್ತೋ, ಎಣಿಸಲು ಹೋದರೆ ಜಾಗ ಬದಲಿಸುತ್ತವೆ.
ಗಂಡಿನ ಬೆನ್ನ ರೆಕ್ಕೆ ಒಂದು ಕಡೆ ಹರಿದಿದೆ,
ಹೆಣ್ಣು ಇನ್ನೂ ಅದನ್ನು ಹತ್ತಿರ ಬಿಡುವುದಿಲ್ಲ.
ಮುಚ್ಚಳದ ಸಂದಿಗೆ ಒಂದು ಪರಸಿ ತುಂಡು ಹೇರಿದ್ದೇನೆ,
ನೀರಿಗೆ ತಾಗದಂತೆ.
ಅದರ ಮೇಲೆ ದಿನಾ ಬೆಳಿಗ್ಗೆ
ಐದು ರೂಪಾಯಿಯ ಒಂದು ನಾಣ್ಯ ಇರುತ್ತದೆ.
ಯಾರಿಟ್ಟದ್ದು ಅಂತ ನಾನು ಕೇಳಿಲ್ಲ.